ಪದ್ಯ ನಿಂತ ಜಾಗ

ಹಾನಗಲ್ಲು
೧೬-೮-೧೯೩೮

ಚಿರಂಜೀವಿ ಮಹಾಲಿಂಗಪ್ಪನಿಗೆ ಅವ್ವನ ಆಶೀರ್ವಾದ. ಸಿಟ್ಟಿನಲ್ಲಿ ಬರೆದರೂ ಆಶೀರ್ವಾದ ಆಶೀರ್ವಾದವೇ.

ಮಾಸಪತ್ರಿಕೆಗೆಂದು ನೀನು ಬರೆದ ಲೇಖನದ ಪ್ರತಿ ಮುಟ್ಟಿತು. ನಾಡೆಲ್ಲ ಓದುವ ಕವಿ, ನಮ್ಮ ವಂಶದ ಹಿರಿಯರು ಉಳವಯ್ಯನವರು. ಅವರಿಗೆ ಜೀವಮಾನವಿಡೀ ಅಪಸ್ಮಾರವಿತ್ತು ಎಂದು ಬರೆದಿದ್ದೀ. ಅವರ ಪುರಾಣದಲ್ಲಿ ಕೆಲವು ಕಡೆ ಪದ್ಯ ನಡುವೆಯೇ ನಿಂತಿದೆ. ಅಲ್ಲಿ ಶಿವನೇ ಅವರ ಮಾತು ತೆಗೆದುಕೊಂಡನೆಂದು ನಾವು ಓದು ನಿಲ್ಲಿಸಿ ಕೈಮುಗಿಯುತ್ತೇವೆ. ನೀನು ಅದನ್ನು ರೋಗಿಯ ಎಚ್ಚರ ತಪ್ಪಿದ ಗಳಿಗೆ ಎನ್ನುತ್ತೀ. ದೀಪದ ಮೇಲೆ ಬಿದ್ದು ಸುಟ್ಟ ಅವರ ಬಲಗೈಯನ್ನೂ ಸಾಕ್ಷಿಗೆ ಎಳೆದಿದ್ದೀ. ಸತ್ತು ಇನ್ನೂರು ವರ್ಷವಾದವರ ನಾಡಿಯನ್ನು ಮಿರಜದಲ್ಲಿ ಕುಳಿತು ಹಿಡಿದೆಯಾ?

ನಿನ್ನ ಸೋದರತ್ತೆ ಅನ್ನವ್ವ ಕೇಳಿ ನಕ್ಕಳು. "ಡಾಕ್ಟರಕಿ ಕಲೀಲಿ ಅಂತ ಕಳಿಸಿದ್ರ, ನಿಮ್ಮ ಮಗ ಅಜ್ಜನ ಗದ್ದಿಗೀನ ಕೆದರಾಕ ನಿಂತಾನಲ್ರಿ ವೈನಿ!" ಎಂದಳು. ನನಗೆ ನಗು ಬರಲಿಲ್ಲ. ದೀಪಾವಳಿಯಾದ ಮೇಲೆ ನಿನ್ನ ತಂಗಿ ಹೊಳೆವ್ವನ ನಿಶ್ಚಯಕ್ಕೆ ಸವಣೂರಿನವರು ಬರುವವರಿದ್ದಾರೆ. ವಂಶದಲ್ಲಿ ಮೂರ್ಛೆರೋಗವಿದೆಯೆಂದು ಅಣ್ಣನೇ ಅಚ್ಚು ಹಾಕಿಸಿದರೆ ಅವರು ನಮ್ಮ ಹೊಸ್ತಿಲು ತುಳಿಯುವರೇ?

ಇನ್ನೊಂದು ಮಾತು. ಈ ರೋಗದಲ್ಲಿ ಬಿದ್ದು ಒದ್ದಾಡುವವರಷ್ಟೇ ಅಲ್ಲ, ಕಣ್ಣು ತೆರೆದೇ ಸುಮ್ಮನಾಗಿಬಿಡುವವರೂ ಉಂಟು ಎಂದಿದ್ದೀ. ಅಂಥವರಿಗೆ ಔಷಧ ಉಂಟೋ ಇಲ್ಲವೋ ಎಂಬುದನ್ನು ಬರೆದೇ ಇಲ್ಲ. ಪುಟ ತಿರುವಿ ತಿರುವಿ ಹುಡುಕಿದೆ. ಬರೆಯುವುದಾದರೆ ಪೂರ್ತಿ ಬರೆಯಬೇಡವೇ? ಸುಮ್ಮನೆ ಕೇಳಿದೆ, ಅಷ್ಟೇ.

ಲೇಖನ ಅಚ್ಚಿಗೆ ಹೋಗಕೂಡದು. ಇದು ಸಲಹೆಯಲ್ಲ, ಅಪ್ಪಣೆ.

ನಿನ್ನ ಅವ್ವ,
ನಾಗವ್ವ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ನಿನ್ನೆ ಶ್ರಾವಣ ಸೋಮವಾರ, ಪುರಾಣ ಓದಿದವಳು ಹೊಳೆವ್ವ. ಒಂದು ಪದ್ಯದ ನಡುವೆ ನಿಂತಳು. ಕಣ್ಣು ತೆರೆದೇ ಇದ್ದವು, ಹಾಳೆಯ ಮೇಲಿನ ಬೆರಳು ಮಾತ್ರ ನಡುಗುತ್ತಿತ್ತು. ಕುಳಿತವರೆಲ್ಲ ವಾಡಿಕೆಯಂತೆ ತಲೆಬಾಗಿ ಕೈಮುಗಿದರು. ನಾನೂ ಮುಗಿದೆ. ಸ್ವಲ್ಪ ಹೊತ್ತಿಗೆ ಅವಳೇ, "ಯವ್ವಾ, ಎಲ್ಲಾರೂ ಯಾಕ ಕೈ ಮುಗದೀರಿ?" ಎಂದು ಕೇಳಿದಳು.

ಆ ಪದ್ಯ ನನಗೆ ಬಾಯಿಪಾಠ. ಕವಿಗಳು ಅಲ್ಲಿ ನಿಲ್ಲಿಸಿಲ್ಲ.

ಔಷಧವಿದ್ದರೆ ತೆಗೆದುಕೊಂಡು ಕೂಡಲೇ ಬಾ. ಯಾರಾದರೂ ಕೇಳಿದರೆ ಪುರಾಣ ಕೇಳಲು ಬಂದೆ ಎನ್ನು.