ಎದುರು ಸಾಲಿನ ನೆರಳು

ಸುರಪುರ
ಮೇ ೧೯, ೧೯೫೨

ಯಾದಗಿರಿಯ ನೆರಳಿನಲ್ಲಿ ಕುಳಿತಿರುವ ಮರಿಲಿಂಗಪ್ಪನವರಿಗೆ, ಸುರಪುರದ ಬಿಸಿಲಿನಿಂದ ರೇಣಮ್ಮ ಮಾಡುವ ಶರಣು.

ನಿಮ್ಮ ಅವ್ವ ತೀರಿಕೊಂಡರೆಂದು ತಂತಿ ಕೊಟ್ಟರೂ ನೀವು ಮಣ್ಣಿಗೆ ಬರಲಿಲ್ಲ. ಈಗ ಹೇಗೆ ಸತ್ತರೆಂದು ಕೇಳಿ ಕಾರ್ಡು ಬರೆದಿದ್ದೀರಿ. ಹೇಳುತ್ತೇನೆ, ಕೂತು ಓದಿರಿ. ಅಲ್ಲಿ ಇಟ್ಟುಕೊಂಡಿರುವ ಎರಡನೆಯವಳಿಗೂ ಓದಿ ಹೇಳಿರಿ.

ನಮ್ಮ ಓಣಿಯ ರಿವಾಜು ಮರೆತಿರಲಿಕ್ಕಿಲ್ಲ. ಬೆಳಿಗ್ಗೆ ನಮ್ಮ ಸಾಲಿನ ನೆರಳು ಎದುರಿನವರದು, ಮಧ್ಯಾಹ್ನದ ಮೇಲೆ ಅವರ ಸಾಲಿನ ನೆರಳು ನಮ್ಮದು. ಎದುರು ಮನೆಯವರನ್ನು ಕೇಳದೆ ಯಾರೂ ತಮ್ಮ ಗೋಡೆಯ ಒಂದು ಕಲ್ಲನ್ನೂ ಇಳಿಸುತ್ತಿರಲಿಲ್ಲ. ಎರಡು ಹೊರಸು ಹಾಕಿದರೆ ದಾರಿ ಮುಚ್ಚುವಷ್ಟು ಇಕ್ಕಟ್ಟು, ಆದರೆ ವೈಶಾಖದಲ್ಲೂ ಬರಿಗಾಲಲ್ಲಿ ನಡೆಯಬಹುದಿತ್ತು. ಲಕ್ವಾ ಹೊಡೆದು ಕೈಕಾಲು ಬಿದ್ದ ಮೇಲೆ ನಿಮ್ಮ ಅವ್ವ ಬದುಕಿದ್ದೇ ಆ ನೆರಳಿನಲ್ಲಿ. ಊಟವಾದ ಮೇಲೆ ಎದುರು ಮನೆಯ ಸುಗಲಮ್ಮ ಒಂದು ಕಡೆ, ನಾನೊಂದು ಕಡೆ ಅವರು ಮಲಗಿದ್ದ ಹೊರಸು ಹಿಡಿದು ಹೊರಗೆ ಹಾಕುತ್ತಿದ್ದೆವು.

ನಿಜಾಮರ ಕಾಲ ಹೋಗಿ ಹೊಸ ಸರ್ಕಾರ ಬಂತು, ನಿಮಗೆ ಅಳತೆಯ ನೌಕರಿ ಸಿಕ್ಕಿತು. ಓಣಿ ಅಗಲ ಮಾಡಲು ಸರಪಳಿ ಹಿಡಿದು ಬಂದವರು ನೀವೇ. ಎರಡೂ ಸಾಲಿನಲ್ಲಿ ಅರ್ಧರ್ಧ ಹೋಗಬೇಕಿತ್ತು. ನೀವು ನಮ್ಮ ಗೋಡೆ ಉಳಿಸಿ, ಗೆರೆಯನ್ನು ಪೂರ್ತಿ ಎದುರು ಸಾಲಿನ ಮೇಲೆ ಎಳೆದಿರಿ. "ತಮ್ಮಾ, ನಮ್ ಗ್ವಾಡಿ ಬಿದ್ರ ನಿಮ್ಮವ್ವ ಎಲ್ಲಿ ಮಕ್ಕೋಬೇಕೋ" ಎಂದು ಸುಗಲಮ್ಮ ಕೇಳಿದಳು. "ಇಕ್ಕಟ್ಟಿನ್ಯಾಗ ಉಸಿರು ಕಟ್ಟಿ ಸಾಯಾಕತ್ತೀರಿ, ದಾರಿ ಅಗಲಾದ್ರ ಗಾಳಿ ಆಡತೈತಿ, ತಂಪಾಗತೈತಿ" ಅಂದಿರಿ. ರಾತ್ರಿಯ ಮಟ್ಟಿಗೆ ಅದು ಸುಳ್ಳಲ್ಲ. ಗೋಡೆಗಳ ಝಳ ತಾಳದೆ ನಾವೆಲ್ಲ ಮಾಳಿಗೆ ಹತ್ತಿ ಮಲಗುತ್ತಿದ್ದೆವು. ಹಗಲಿನ ಕಥೆ ನಿಮಗೆ ಹೇಗೆ ಗೊತ್ತಾಗಬೇಕು, ಹಗಲು ನೀವು ಮನೆಯಲ್ಲಿ ಇದ್ದದ್ದಾದರೂ ಯಾವಾಗ?

ಎದುರು ಸಾಲು ಬಿತ್ತು. ಸುಗಲಮ್ಮ ಕೆರೆ ದಂಡೆಯ ಗುಡಿಸಲಿಗೆ ಹೋದಳು. ಇದು ನಿಮ್ಮ ಕೆಲಸ ಎಂದರೆ ನಿಮ್ಮ ಅವ್ವ ನಂಬಲಿಲ್ಲ. "ನನ್ ಮಗ ಅಂಥಾಂವಲ್ಲ, ನೀನ ಸುಳ್ಳ ಬೊಗಳತಿ" ಎಂದು ಬೈದರು. ಊಟವಾದ ಮೇಲೆ ಎಂದಿನಂತೆ ಹೊರಸು ಹೊರಗೆ ಹಾಕೆಂದು ಹಟ ಹಿಡಿದರು. ಸರಿ, ಕಣ್ಣಾರೆ ನೋಡಲಿ ಎಂದು ಒಬ್ಬಳೇ ಹೊರಸು ಎಳೆದು ಹಾಕಿದೆ. ನೆಲದ ಕಲ್ಲು ರೊಟ್ಟಿಯ ಹೆಂಚಿನ ಹಾಗೆ ಕಾದಿತ್ತು. ಮತ್ತೆ ಒಳಗೆ ತರಲು ಒಬ್ಬಳಿಂದ ಆಗಲಿಲ್ಲ, ಸುಗಲಮ್ಮನನ್ನು ಕರೆಯಲು ಕೆರೆಗೆ ಹೋದೆ. ಬರುವಷ್ಟರಲ್ಲಿ ಜೀವ ಹೋಗಿತ್ತು. ತುಟಿ ಒಡೆದಿದ್ದವು.

ನಿಮ್ಮ ಗೋಡೆ ಭದ್ರವಾಗಿದೆ, ಬಂದು ಇರಿ. ನಾನು ನಾಳೆ ಬಳಿಚಕ್ರಕ್ಕೆ, ನನ್ನ ತವರಿಗೆ ಹೊರಟಿದ್ದೇನೆ.

ಇಷ್ಟು ದಿನ ನಿಮ್ಮ ಅವ್ವನ ಸೊಸೆಯಾಗಿದ್ದ,
ರೇಣಮ್ಮ

ತಾ.ಕ.: ಕೆರೆಗೆ ಹೋಗಿದ್ದೆ ಎಂದು ಓಣಿಯವರಿಗೂ ಹೇಳಿದ್ದೇನೆ. ಹೋಗಿರಲಿಲ್ಲ. ಬಾಗಿಲ ಒಳಗೇ ಕೂತಿದ್ದೆ. ನಿಮ್ಮ ಅವ್ವ ಮೂರು ಸಲ ಕೂಗಿದರು, ಮೂರೂ ಸಲ ನಿಮ್ಮ ಹೆಸರು. ಒಂದು ಸಲ ನನ್ನನ್ನು ಕರೆದಿದ್ದರೆ ಎದ್ದು ಹೋಗುತ್ತಿದ್ದೆ.