ಸಿಮೆಂಟ್ ಚೀಲದಲ್ಲಿಟ್ಟ ಮಗುವಿನ ಮೂಳೆಗಳ ಬಗ್ಗೆ

ನಮ್ಮ ಬಡಾವಣೆಯ ಒಳಚರಂಡಿ ಕೆಲಸದ ಎಂಜಿನಿಯರ್ ಸಾಹೇಬರೇ,

ನಿಮ್ಮ ಕಚೇರಿಯ ಕಕ್ಕಸಿನ ಪಕ್ಕ, ಫಿನಾಯಿಲ್ ಡಬ್ಬಕ್ಕೆ ಒರಗಿಸಿದ ಸಿಮೆಂಟ್ ಚೀಲದಲ್ಲಿ ಒಂದು ಮಗುವಿನ ಮೂಳೆಗಳಿವೆ. ತಿಂಗಳುಗಳೇ ಆದವು. ನಿಮಗೆ ಅನ್ನ ಹೇಗೆ ಸೇರುತ್ತದೆ?

ಕೋಣನಕುಂಟೆಯ ನಮ್ಮ ಬೀದಿಯಲ್ಲಿ ನೀವು ಪೈಪಿಗೆಂದು ಅಗೆಸುವಾಗ ಕಲ್ಲುಚಪ್ಪಡಿಯ ಸಮಾಧಿ ಸಿಕ್ಕಿತು. ನೋಡಲು ಬಂದ ಪುರಾತತ್ವ ಇಲಾಖೆಯ ಹುಡುಗಿ ಇಂಚರ ನಮಗೂ ತೋರಿಸಿದಳು. ನಾಲ್ಕೂ ಕಡೆ ಕಲ್ಲು ನಿಲ್ಲಿಸಿ, ಮಡಕೆಯೊಳಗೆ ಮಗುವನ್ನು ಮಲಗಿಸಿ, ತಲೆಯ ಹತ್ತಿರ ಪುಟ್ಟ ಬಟ್ಟಲು ಇಟ್ಟಿದ್ದರು. ಎರಡು ಸಾವಿರ ವರ್ಷಕ್ಕೂ ಹಿಂದಿನದಂತೆ. "ಬಟ್ಟಲಲ್ಲಿ ಏನಿತ್ತು ಅಂತ ಹೇಳಕ್ಕಾಗಲ್ಲ ಆಂಟಿ" ಎಂದಳು. ನಾನು ಹೇಳಬಲ್ಲೆ. ನನ್ನ ಮೊದಲ ಕೂಸು ಹೋದಾಗ (ನಮ್ಮಲ್ಲಿ ಹಸುಗೂಸನ್ನು ಸುಡುವುದಿಲ್ಲ) ಹೂಳುವಾಗ ನಮ್ಮತ್ತೆ ಅದಕ್ಕೆ ಹಾಲು ಕುಡಿಸುತ್ತಿದ್ದ ಒಳಲೆಯನ್ನೇ ತುಂಬಿಸಿ ಪಕ್ಕಕ್ಕಿಟ್ಟರು. "ದಾರೀಲಿ ಹಸ್ಕೊಂಡ್ರೆ ಯಾರ್ ಕೊಡ್ತಾರೆ?" ಎಂದರು.

ಮಡಕೆ, ಬಟ್ಟಲು ಪರೀಕ್ಷೆಗೆ ಹೋದವು. ಮೂಳೆಗಳನ್ನು ಇಲಾಖೆಯವರು ಗೌರವವಾಗಿ ಮಣ್ಣು ಮಾಡಿಸಿ ಎಂದು ನಿಮಗೆ ಒಪ್ಪಿಸಿದರು. ನಾನು ವಿಚಾರಿಸಲು ಬಂದರೆ ನಿಮ್ಮ ಮೇಸ್ತ್ರಿ ಮರೆಪ್ಪ ಆ ಚೀಲದ ಪಕ್ಕದಲ್ಲೇ ಎಲೆಯಡಿಕೆ ಉಗಿದ. "ಓಬೀರಾಯನ ಕಾಲದ್ದು ಬಿಡಿ ಆಂಟಿ, ಯಾರಿಗ್ ಬೇಕು?"

"ನಿಮ್ಮಪ್ಪನ್ನ ಎಷ್ಟ್ ವರ್ಷ ಆದ್ಮೇಲೆ ಚೀಲಕ್ಕೆ ತುಂಬ್ತೀಯಪ್ಪಾ?" ಎಂದೆ. ಅವನಾದರೂ ತಲೆ ತಗ್ಗಿಸಿದ. ಓದಿದ ನೀವು ಹೇಳಿದ್ದೇನು? "ಮೇಡಂ, ಒಂದೊಂದು ಸ್ಮಶಾನ ಒಂದೊಂದು ಜನಾಂಗದ್ದು. ಇದು ಯಾವ ಜಾತಿ ಅಂತ ಗೊತ್ತಾಗ್ದೆ ಎಲ್ಲಿಗೆ ಕಳಿಸ್ಲಿ?"

ಅಬ್ಬಾ ನಿಮ್ಮ ಧರ್ಮಸೂಕ್ಷ್ಮವೇ! ಕಕ್ಕಸಿನ ಪಕ್ಕ ಇಡಲು ಜಾತಿ ಬೇಕಾಗಲಿಲ್ಲ, ಮಣ್ಣಿಗಿಡಲು ಬೇಕಾಯಿತೇ? ಆ ಜನ ಯಾವ ದೇವರಿಗೆ ಕೈ ಮುಗಿಯುತ್ತಿದ್ದರೋ ನನಗೆ ತಿಳಿಯದು. ಒಂದು ಕೂಸಿಗಾಗಿ ಅಷ್ಟು ದೊಡ್ಡ ಚಪ್ಪಡಿ ಎಳೆದು ತಂದರೆಂಬುದು ಕಣ್ಣಿಗೇ ಕಾಣುತ್ತದೆ. ನರಿ ಮುಟ್ಟಬಾರದೆಂದು ಮುಚ್ಚಿದರು. ನರಿ ಮುಟ್ಟಲಿಲ್ಲ, ನೀವು ಮುಟ್ಟಿದಿರಿ.

ನಾನು ಮಡಿ ಮೈಲಿಗೆ ಬಿಟ್ಟವಳಲ್ಲ. ಅವತ್ತು ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ಮೂಳೆ ಕಂಡದ್ದಕ್ಕಲ್ಲ, ನಿಮ್ಮೆದುರು ಕುರ್ಚಿಯಲ್ಲಿ ಕೂತದ್ದಕ್ಕೆ.

ಮಹಾಲಯ ಅಮಾವಾಸ್ಯೆಯೊಳಗೆ ಆ ಮಗುವನ್ನು ನಮ್ಮ ಬೀದಿಯ ಪಾರ್ಕಿನ ಮೂಲೆಯಲ್ಲಿ ಮಣ್ಣು ಮಾಡಿಸಿ. ಭಾಷಣ ಬೇಡ, ನಿಮ್ಮ ಹೆಸರು ಕೆತ್ತಿದ ಕಲ್ಲಂತೂ ಬೇಡವೇ ಬೇಡ. ಆಗದಿದ್ದರೆ ನಾವು ಹೆಂಗಸರೇ ಬಂದು ಎತ್ತಿಕೊಂಡು ಹೋಗುತ್ತೇವೆ. ಸರ್ಕಾರಿ ಸ್ವತ್ತು ಕದ್ದರೆಂದು ಬೇಕಾದರೆ ಕೇಸು ಹಾಕಿಸಿ.

ಇಂತಿ,
ನಿಮ್ಮ ವ್ಯಾಪ್ತಿಯಲ್ಲೇ ಒಂದು ದಿನ ಸಾಯಬೇಕಾಗಿರುವ
ನಾಗಲಕ್ಷ್ಮಮ್ಮ
ಕೋಣನಕುಂಟೆ, ಆಗಸ್ಟ್ 2003