ಹೊಟ್ಟಿನಲ್ಲಿ ಬಂದ ಕಂಪ್ಯೂಟರ್

ಭಾಲ್ಕಿ
ಶುಕ್ರವಾರ, ೮ ನವೆಂಬರ್ ೨೦೨೪

ಸಪನಾಳ ಅಪ್ಪನವರಿಗೆ,

ಜೈ ಭೀಮ. ನಾನೂ ಮಗಳೂ ಆರಾಮವಾಗಿದ್ದೇವೆ. ನೀವೂ ಆರಾಮವಾಗಿಯೇ ಇರಬೇಕು, ಅಷ್ಟೊಂದು ಹೊಟ್ಟು ತುಂಬಬೇಕಾದರೆ ಮೈಯಲ್ಲಿ ಕಸುವು ಬೇಕಲ್ಲ. ಫೋನಿನಲ್ಲಿ ನಾನು ಬಯ್ಯುತ್ತೇನೆ, ನೀವು ಹೂಂ ಎನ್ನುತ್ತೀರಿ, ಅಲ್ಲಿಗೆ ಮುಗಿಯುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅರ್ಧಕ್ಕೆ ಮಡಚಿಡದೆ ಪೂರ್ತಿ ಓದಿ.

ನನ್ನ ಕಂಪ್ಯೂಟರ್ ಕಳಿಸಿ ಎಂದು ಕೇಳಿದಾಗ ಹೇಗೆ ಕಟ್ಟಬೇಕೆಂದೂ ಹೇಳಿದ್ದೆ. ಒಂದು ಸಲವಲ್ಲ, ಮೂರು ಸಲ. ವೈರು ಬಿಚ್ಚುವ ಮೊದಲು ಹಿಂಬದಿಯ ಫೋಟೊ ತೆಗೆದುಕೊಳ್ಳಿ ಎಂದೆ. ಅಟ್ಟದ ಮೇಲೆ ಅದು ಬಂದ ಡಬ್ಬಿಯೇ ಇದೆ, ಥರ್ಮಾಕೋಲೂ ಇದೆ, ಅದರಲ್ಲೇ ಇಡಿ ಎಂದೆ. ಹಾರ್ಡ್ ಡಿಸ್ಕ್ ಬಿಚ್ಚಿಸಿ ಬೇರೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನೀವೇ ತನ್ನಿ ಎಂದೆ. ನೀವೇ ತನ್ನಿ ಎಂದದ್ದು ಬೇರೆ ಯಾವ ಆಸೆಯಿಂದಲೂ ಅಲ್ಲ. ಸಾಮಾನು ಕೆಡಬಾರದೆಂದು, ಅಷ್ಟೇ.

ಸೋಮವಾರ ಬಂದದ್ದೇನು? ಔರಾದಿನ ಬಸ್ಸಿನ ಕಂಡಕ್ಟರ್ ಹಿಂದಿನ ಸೀಟಿನಡಿಯಿಂದ ಎರಡು ಗೋಣಿಚೀಲ ಎಳೆದುಕೊಟ್ಟ. ಒಂದರಲ್ಲಿ ಮಾನಿಟರ್, ಎರಡು ದಿಂಬುಗಳ ನಡುವೆ ರಾಜನ ಹಾಗೆ ಬಂದಿತ್ತು. ಇನ್ನೊಂದರ ಬಾಯಿಯನ್ನು ದಬ್ಬಣದಿಂದ ಹೊಲಿದಿದ್ದಿರಿ. ಬಿಚ್ಚಿದರೆ ಹೊಟ್ಟು, ಹೊಟ್ಟಿನೊಳಗೆ ಅತ್ತೆ ಸುಭದ್ರಾಬಾಯಿಯವರ ಕೌದಿ, ಕೌದಿಯೊಳಗೆ ಸಿಪಿಯು. ಅದರ ಪಕ್ಕದ ತಗಡು ತೆಗೆದು ನೋಡಿದೆ. ಒಳಗೂ ಗಂಟಲಮಟ ಸೋಯಾ ಹೊಟ್ಟು.

ಅತ್ತೆಯವರು ಬೀದರಿನ ಮಗಳಿಗೆ ಚೀನಿ ಭರಣಿ ಕಳಿಸುವಾಗ ಹೊರಗೂ ಹೊಟ್ಟು, ಒಳಗೂ ಹೊಟ್ಟು ತುಂಬುತ್ತಾರೆ. ಒಳಗೆ ಟೊಳ್ಳು ಉಳಿದರೆ ಒಡೆಯುತ್ತದೆ ಎನ್ನುತ್ತಾರೆ. ಸರಿ, ಒಪ್ಪಿದೆ. ಆದರೆ ಇದು ಭರಣಿಯಲ್ಲ. ಇದಕ್ಕೆ ಉಸಿರಾಡಲು ಫ್ಯಾನುಗಳಿವೆ. ಒಂದೊಂದು ಸಂದಿಯಿಂದಲೂ ಹೊಟ್ಟನ್ನು ಸಪನಾಳ ಬಣ್ಣದ ಕುಂಚದಿಂದ ತೆಗೆದೆ. ಒಂದು ಇಡೀ ದಿನ ಹೋಯಿತು, ಮೂಗಿನ ತುಂಬ ಧೂಳು.

ಇಷ್ಟೆಲ್ಲ ಹೊಟ್ಟು ಕಳಿಸಲು ನೆನಪಾದ ನಿಮಗೆ ಕರೆಂಟಿನ ವೈರು ಕಳಿಸಲು ನೆನಪಾಗಲಿಲ್ಲ. ಕೌದಿ ಝಾಡಿಸಿದೆ, ಚೀಲ ತಿರುವಿ ಹಾಕಿದೆ, ಇಲ್ಲ. ಫೋನ್ ಮಾಡಿ ಕೇಳಿದರೆ ನೀವು ಹೇಳಿದ್ದು ಒಂದೇ ಮಾತು: "ಹುಡುಕ್ತೇನಿ, ಸಿಟ್ಟಾಗಬ್ಯಾಡ." ಮಂಗಳವಾರವೂ ಅದೇ ಮಾತು. ಮನೆಯೇನು ಅರಮನೆಯೇ ಹುಡುಕಲಿಕ್ಕೆ? ಕೊನೆಗೆ ಇಲ್ಲಿಯ ಅಂಗಡಿಯಲ್ಲಿ ಹೊಸ ವೈರು ತಂದು ಹಚ್ಚಿದೆ. ಫ್ಯಾನು ಕರಕರ ಎಂದು ನಿಂತುಹೋಯಿತು. ಪರದೆ ಕಪ್ಪಗೆ ಕುಳಿತಿತು.

ಆಗ ನನಗೆ ಅಳುವೇ ಬಂತು. ನಿಮಗೆ ಗೊತ್ತಿಲ್ಲ, ಹೇಳುತ್ತೇನೆ. ಟ್ಯೂಷನ್ನಿನ ಮನ್ಮಥಪ್ಪ ಸರ್ ಹತ್ತನೆಯ ತರಗತಿಯ ಗಣಿತದ ಮಾದರಿ ಪ್ರಶ್ನೆಪತ್ರಿಕೆಗಳ ಪುಸ್ತಕವನ್ನು ನನಗೆ ಒಪ್ಪಿಸಿದ್ದಾರೆ. ಚಿಂತಾಕಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಐದು ವರ್ಷ ನಾನು ಟೈಪ್ ಮಾಡಿದ ಲೆಕ್ಕಗಳು, ತ್ರಿಕೋನ, ವೃತ್ತ ಎಲ್ಲವೂ ಈ ಕಂಪ್ಯೂಟರಿನಲ್ಲೇ ಇವೆ. ಬರುವ ಸೋಮವಾರ ಕೊಡದಿದ್ದರೆ ಬೀದರಿನ ಪ್ರೆಸ್ಸಿಗೆ ಕೊಡುತ್ತೇನೆ ಎಂದಿದ್ದಾರೆ. ಇಲ್ಲಿಗೆ ಬಂದ ಮೇಲೆ ಪರರ ಅಂಗಡಿಯ ಮೂಲೆಯಲ್ಲಿ ಕುಳಿತು ಟೈಪ್ ಮಾಡಿ ಸಾಕಾಗಿ ಸ್ವಂತದ್ದೊಂದು ಮಳಿಗೆ ಹಿಡಿದಿದ್ದೇನೆ. ಮೊದಲ ಕೆಲಸವೇ ಕೈತಪ್ಪಿದರೆ ಅದನ್ನು ಬಿಟ್ಟುಕೊಟ್ಟು ತಲೆ ತಗ್ಗಿಸಿಕೊಂಡು ನಿಮ್ಮ ಊರಿಗೆ ಬರಬೇಕು. ಹಾಗೆ ಬರಲು ನನಗೆ ಮನಸ್ಸಿಲ್ಲ.

ಬುಧವಾರ ಅದನ್ನು ಬೀದರಿಗೆ ಒಯ್ದೆ, ಅಲ್ಲಿಯ ಚಿದ್ರಿಯಲ್ಲಿ ರಿಪೇರಿ ಮಾಡುವ ಸಲಾವೋದ್ದೀನ ಭಾಯಿಯ ಹತ್ತಿರ. ಹಾರ್ಡ್ ಡಿಸ್ಕ್ ಬಿಚ್ಚಿ, ಒಣ ಬಟ್ಟೆಯಲ್ಲಿ ಸುತ್ತಿ, ಸಪನಾಳ ಟಿಫಿನ್ ಡಬ್ಬಿಯಲ್ಲಿಟ್ಟು ಕೈಚೀಲಕ್ಕೆ ಹಾಕಿಕೊಂಡೆ. ಸಿಪಿಯುವನ್ನು ಕೌದಿಯಲ್ಲಿ ಸುತ್ತಿ ಕೂಸಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡೆ. ಬಸ್ಸು ಕುಣಿದಾಗಲೆಲ್ಲ ಅದನ್ನು ಎತ್ತಿ ಹಿಡಿದೆ. ಇಳಿಯುವಾಗ ಕಾಲು ಜೋಮು ಹಿಡಿದಿದ್ದವು. ಹೀಗೆ ಒಯ್ಯಬೇಕು ಎಂದೇ ನಿಮಗೆ ಹೇಳಿದ್ದು.

ಭಾಯಿ ತಗಡು ತೆಗೆದು, ಇನ್ನೂ ಉಳಿದಿದ್ದ ಹೊಟ್ಟು ನೋಡಿ, ಕಂಪ್ಯೂಟರ್ ತಂದಿದ್ದೀರೋ ದನಕ್ಕೆ ಮೇವು ತಂದಿದ್ದೀರೋ ಎಂದು ಕೇಳಿದರು. ಕಟ್ಟಿದವರು ಯಾರು ಎಂದೂ ಕೇಳಿದರು. ಬಾಯಿತಪ್ಪಿ ನಮ್ಮ ಮನೆಯವರು ಎಂದುಬಿಟ್ಟೆ. ಆಮೇಲೆ ಒಂದು ಗಳಿಗೆ ನಿಮ್ಮನ್ನು ಬಾಯಿತುಂಬ ಬಯ್ದೆ. ಅವರು ತಲೆ ಎತ್ತದೆ ಹೇಳಿದರು: "ಬಯ್ಯಬ್ಯಾಡ್ರಿ ಅಕ್ಕಾರ. ಈ ದೊಡ್ಡ ಫ್ಯಾನಿನ ಕೀಲು ಮುರದದ. ಹೊಟ್ಟು ಹಿಡ್ಕೊಂಡಿರಲಿಲ್ಲಂದ್ರ ಅದು ಬಿದ್ದು ಬೋರ್ಡೇ ಒಡೀತಿತ್ರಿ."

ಇದನ್ನು ನಿಮಗೆ ಹೇಳಬಾರದೆಂದಿದ್ದೆ. ತಪ್ಪಾಗಿ ಮಾಡಿಯೂ ಸರಿ ಅನ್ನಿಸಿಕೊಳ್ಳುವ ಮನುಷ್ಯನನ್ನು ಬಯ್ಯುವುದಾದರೂ ಹೇಗೆ?

ಹೊಸ ಫ್ಯಾನು ಹಾಕಿಸಿದ ಮೇಲೆ ಕಂಪ್ಯೂಟರ್ ಎದ್ದಿತು. ಫೈಲುಗಳೆಲ್ಲ ಇವೆ. ಆದರೆ ಕೊನೆಯ ಸಲ ತೆರೆದ ತಾರೀಖು ಜುಲೈ ಹನ್ನೊಂದು ಎಂದು ತೋರಿಸುತ್ತಿದೆ. ನಾಲ್ಕು ತಿಂಗಳು ನಿಮ್ಮ ಗೆಳೆಯರೆಲ್ಲ ಕೂಡಿ ಅದರಲ್ಲಿ ಸಿನಿಮಾ ನೋಡಿರುತ್ತೀರಿ. ಅದರೊಳಗಿನ ಗಡಿಯಾರವನ್ನೂ ಕೆಡಿಸಿಟ್ಟಿದ್ದೀರಿ, ಅದಕ್ಕೇ ಹಳೆಯ ತಾರೀಖು.

ಜುಲೈ ಹನ್ನೊಂದು ನನಗಂತೂ ಮರೆತಿಲ್ಲ. ಬೀಗರು ಬಂದಿದ್ದರು, ಮನ್ಮಥಪ್ಪ ಸರ್ ಅವರ ಟೈಪಿಂಗ್ ಕೆಲಸ ಅವಸರದ್ದಿತ್ತು, ಅಡಿಗೆ ತಡವಾಯಿತು. ಅವರೆಲ್ಲರ ಮುಂದೆ ನೀವು ಅಂದಿರಿ: "ದಿನಾ ಕುಂತು ಬಟನ್ ಒತ್ತೂದು, ಅದೂ ಒಂದು ಕೆಲಸ ಏನು?" ನೀವು ಅಂದು ಮರೆತಿರಿ. ನಾನು ಅದನ್ನು ನುಂಗಿಕೊಂಡು ಮರುದಿನ ಮಗಳ ಕೈ ಹಿಡಿದು ಹೊರಟೆ. ಇವತ್ತಿಗೂ ಕೀಬೋರ್ಡಿನ ಮೇಲೆ ಬೆರಳಿಟ್ಟರೆ ಆ ಮಾತೇ ಮೊದಲು ಬರುತ್ತದೆ.

ಖಾಲಿ ಚೀಲ, ದಿಂಬು, ಕೌದಿ ಎಲ್ಲವನ್ನೂ ಈ ಕಾಗದದ ಜೊತೆ ಅದೇ ಕಂಡಕ್ಟರ್ ಕೈಯಲ್ಲಿ ವಾಪಸು ಕಳಿಸುತ್ತಿದ್ದೇನೆ. ವೈರು ಸಿಕ್ಕರೆ ನೀವೇ ಇಟ್ಟುಕೊಳ್ಳಿ. ಅತ್ತೆಯವರಿಗೆ ನಮಸ್ಕಾರ ಹೇಳಿ.

ಬಟನ್ ಒತ್ತುವವಳು,
ಮಹಾಮಾಯಾ

ತಾಜಾ ಕಲಂ: ಶನಿವಾರ ಮುಂಜಾನೆ. ಚಳಿ ಶುರುವಾಯಿತೆಂದು ಟ್ರಂಕಿನಿಂದ ಸ್ವೆಟರ್ ತೆಗೆದೆ. ಅದರ ತೋಳಿನೊಳಗೆ ಕರೆಂಟಿನ ವೈರು ಇತ್ತು. ಹೊರಟ ದಿನ ಸಿಟ್ಟಿನಲ್ಲಿ ನಾನೇ ಕಿತ್ತುಕೊಂಡು ಬಂದಿದ್ದೆ, ನನ್ನ ಕಂಪ್ಯೂಟರನ್ನು ಯಾರೂ ಮುಟ್ಟಬಾರದೆಂದು. ದೇವರಾಣೆ, ಮರೆತೇಬಿಟ್ಟಿದ್ದೆ. ಗಡಿಯಾರವೂ ಕೆಟ್ಟಿಲ್ಲ, ಜುಲೈ ಹನ್ನೊಂದರ ಮೇಲೆ ಅದನ್ನು ಯಾರೂ ತೆರೆದೇ ಇಲ್ಲ. ಅಂಥ ವೈರು ಔರಾದಿನ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ನಾಲ್ಕು ತಿಂಗಳಲ್ಲಿ ನೀವು ಒಂದನ್ನೂ ತರಲಿಲ್ಲ. ವೈರು ಅಲ್ಲಿಲ್ಲ ಎನ್ನುವುದು ಜುಲೈಯಿಂದಲೇ ಗೊತ್ತಿದ್ದೂ ಹುಡುಕುತ್ತೇನೆ ಎಂದಿರಿ, ನನ್ನ ತಪ್ಪು ಎನ್ನಲಿಲ್ಲ. ಇನ್ನು ಹುಡುಕಬೇಡಿ. ಚೀಲದಿಂದ ಕೌದಿಯನ್ನು ತೆಗೆದಿಟ್ಟುಕೊಂಡಿದ್ದೇನೆ, ಬೇಕಾದರೆ ನೀವೇ ಬಂದು ಒಯ್ಯಿರಿ. ನಾಳೆ ಭಾನುವಾರ, ಮನೆಯಲ್ಲೇ ಇರುತ್ತೇನೆ.